ಹಡಗಿಗೆ ಬಿಗಿ, ಹೊಳೆಗೆ ಸಡಿಲ: ಕಡಲ ಕಾನೂನಿನ ಎರಡು ಮುಖ

ಕಡಲ ಮಾಲಿನ್ಯವೆಂದೊಡನೆ ಜನರ ಕಣ್ಣ ಮುಂದೆ ಬರುವುದು ಒಡೆದ ಹಡಗು, ತೈಲ ಮೆತ್ತಿಕೊಂಡ ಹಕ್ಕಿ. ಅಂತರರಾಷ್ಟ್ರೀಯ ಕಾನೂನಿನ ಕಣ್ಣಿಗೂ ಮೊದಲು ಬಿದ್ದದ್ದು ಅದೇ. 1967ರಲ್ಲಿ ಲಕ್ಷ ಟನ್ನಿಗೂ ಮೀರಿ ಕಚ್ಚಾ ತೈಲ ಹೊತ್ತಿದ್ದ ಟೋರಿ ಕ್ಯಾನಿಯನ್ ಹಡಗು ಇಂಗ್ಲೆಂಡಿನ ನೈಋತ್ಯ ಕರಾವಳಿಯ ಬಳಿ ಬಂಡೆಗೆ ಬಡಿದ ಮೇಲೆ ರಾಷ್ಟ್ರಗಳು ಎಚ್ಚೆತ್ತವು. ತ್ಯಾಜ್ಯವನ್ನು ಒಯ್ದು ಕಡಲಿಗೆ ಸುರಿಯುವುದರ ವಿರುದ್ಧ 1972ರಲ್ಲಿ ಲಂಡನ್ ಒಪ್ಪಂದ, ಹಡಗುಗಳಿಂದಾಗುವ ಮಾಲಿನ್ಯದ ವಿರುದ್ಧ 1973ರಲ್ಲಿ ಮಾರ್ಪೋಲ್ ಒಪ್ಪಂದ ರೂಪುಗೊಂಡವು. ಮಾರ್ಪೋಲ್ 1983ರಲ್ಲಿ ಜಾರಿಗೆ ಬಂದಿತು. ಹಡಗು ಯಾವ ದೇಶದ್ದೇ ಆಗಿರಲಿ, ಬಂದರಿನ ಅಧಿಕಾರಿ ಅದನ್ನೇರಿ ತಪಾಸಣೆ ಮಾಡಬಹುದು. ತೈಲದ ಲೆಕ್ಕದ ಪುಸ್ತಕ ಕೇಳಬಹುದು. 1970ರ ದಶಕಕ್ಕೆ ಹೋಲಿಸಿದರೆ ತೈಲ ಹಡಗುಗಳ ದೊಡ್ಡ ಸೋರಿಕೆಗಳು ಇಂದು ಬಹಳ ಕಡಿಮೆ.

2025ರ ಮೇ ತಿಂಗಳಲ್ಲಿ ಕೇರಳದ ಕರಾವಳಿಯಾಚೆ ಎಂಎಸ್‌ಸಿ ಎಲ್ಸಾ 3 ಹಡಗು ನೂರಾರು ಕಂಟೇನರುಗಳೊಡನೆ ಮುಳುಗಿ, ಪ್ಲಾಸ್ಟಿಕ್ ಹರಳುಗಳು ದಡದುದ್ದಕ್ಕೂ ಬಂದು ಬಿದ್ದವು. ಪರಿಹಾರ ಕೋರಿ ರಾಜ್ಯ ಸರ್ಕಾರವು ಹೈಕೋರ್ಟಿನ ಮೆಟ್ಟಿಲೇರಿದಾಗ, ಅದೇ ಸಮೂಹದ ಇನ್ನೊಂದು ಹಡಗನ್ನು ತಡೆಹಿಡಿಯಲು ನ್ಯಾಯಾಲಯ ಆದೇಶಿಸಿತು. ಹಡಗಿನ ವಿಷಯದಲ್ಲಿ ಹೊಣೆಗಾರನನ್ನು ಹಿಡಿಯಲು ಕಾನೂನಿಗೆ ಕೈಯಿದೆ.

ಆದರೆ ಕಡಲಿಗೆ ಸೇರುವ ವಿಷದ ಬಹುಪಾಲು ಹಡಗಿನಿಂದ ಬರುವುದಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಬಹುಕಾಲದಿಂದ ಹೇಳುತ್ತ ಬಂದಿರುವ ಅಂದಾಜಿನಂತೆ ಸಮುದ್ರ ಮಾಲಿನ್ಯದ ಸುಮಾರು ಶೇಕಡಾ 80ರಷ್ಟು ನೆಲದ ಮೇಲಿನ ಚಟುವಟಿಕೆಗಳಿಂದ ಉಂಟಾಗುತ್ತದೆ: ಕಾರ್ಖಾನೆಯ ಕೊಳವೆ, ನಗರದ ಚರಂಡಿ, ಹೊಲ ತೋಟಗಳ ರಾಸಾಯನಿಕ, ಗಣಿಯ ಹೂಳು. ಇವುಗಳಲ್ಲಿ ಬಹಳಷ್ಟು ಹೊಳೆಯ ಹಾದಿಯಲ್ಲೇ ಅಳಿವೆಗೆ ಬರುತ್ತವೆ.

ಈ ಬಹುಪಾಲಿಗೆ ಕಾನೂನು ಏನು ಹೇಳುತ್ತದೆ? ಕಡಲ ಸಂವಿಧಾನವೆಂದೇ ಹೆಸರಾದ, 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯನ್ನು ಭಾರತ 1995ರಲ್ಲಿ ಸ್ಥಿರೀಕರಿಸಿತು. ಅದರ 211ನೇ ವಿಧಿಯಂತೆ, ಹಡಗುಗಳ ಕುರಿತು ದೇಶವೊಂದು ಮಾಡುವ ಕಾನೂನು ಅಂತರರಾಷ್ಟ್ರೀಯ ನಿಯಮಗಳಷ್ಟಾದರೂ ಪರಿಣಾಮಕಾರಿಯಾಗಿರಬೇಕು. ನದಿ, ಅಳಿವೆ, ಕೊಳವೆಗಳನ್ನು ಕುರಿತ 207ನೇ ವಿಧಿಯಾದರೋ, ಅಂತಹ ನಿಯಮಗಳನ್ನು ಗಮನದಲ್ಲಿಟ್ಟುಕೊಂಡು ಕಾನೂನು ಮಾಡಿದರೆ ಸಾಕೆನ್ನುತ್ತದೆ. ಜಾಗತಿಕ ನಿಯಮ ರೂಪಿಸುವಾಗಲೂ ಅಭಿವೃದ್ಧಿಶೀಲ ದೇಶಗಳ ಆರ್ಥಿಕ ಸಾಮರ್ಥ್ಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ಮಾತು ಅಲ್ಲಿದೆ. ‘ಮಾಡಲೇಬೇಕು’ ಎಂಬುದಕ್ಕೂ ‘ಗಮನಿಸಬೇಕು’ ಎಂಬುದಕ್ಕೂ ನಡುವಿನ ಅಂತರದಲ್ಲಿ ಹೊಳೆಗಳು ಕೊಳೆಯುತ್ತಿವೆ. ನೆಲದ ಮೂಲಗಳಿಗಾಗಿಯೇ 1995ರಲ್ಲಿ ವಾಷಿಂಗ್ಟನ್ನಿನಲ್ಲಿ ರಾಷ್ಟ್ರಗಳು ಒಪ್ಪಿದ ಜಾಗತಿಕ ಕ್ರಿಯಾ ಯೋಜನೆಯೂ ಯಾರನ್ನೂ ಕಾನೂನಿನಿಂದ ಬಂಧಿಸುವುದಿಲ್ಲ.

ಈ ಸಡಿಲತೆಯ ಬೆಲೆಯೇನೆಂಬುದಕ್ಕೆ ಜಪಾನಿನ ಮಿನಮಾಟಾ ಸಾಕ್ಷಿ. ಅಲ್ಲಿನ ಚಿಸ್ಸೊ ಕಾರ್ಖಾನೆ ಪಾದರಸದ ತ್ಯಾಜ್ಯವನ್ನು ಕಡಲಿಗೆ ಬಿಡುತ್ತಿತ್ತು. ಮೀನು ತಿಂದವರ ನರಮಂಡಲವನ್ನೇ ಕೆಡಿಸಿದ ರೋಗ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ. ಆ ತ್ಯಾಜ್ಯ ನಿಂತದ್ದು 1968ರಲ್ಲಿ. ಆ ಊರಿನ ಹೆಸರು ಹೊತ್ತ ಪಾದರಸ ಒಪ್ಪಂದಕ್ಕೆ ಜಗತ್ತು 2013ರವರೆಗೆ ಕಾಯಬೇಕಾಯಿತು.

ಆದರೂ ಆ ಒಪ್ಪಂದದಲ್ಲಿ ಒಂದು ಪಾಠವಿದೆ. ಕಾನೂನು ವಿಷವನ್ನು ಹೆಸರಿಟ್ಟು ಕರೆದು, ಅದು ಹುಟ್ಟುವಲ್ಲಿಯೇ ತಡೆದಾಗ ಮಾತ್ರ ಫಲ ಕಾಣುತ್ತದೆ. ಸುಲಭವಾಗಿ ಕೊಳೆಯದ ವಿಷಗಳನ್ನು ಕುರಿತ 2001ರ ಸ್ಟಾಕ್‌ಹೋಮ್ ಒಪ್ಪಂದವೂ ಇದೇ ಬಗೆಯದು. ಕಾಸರಗೋಡು, ದಕ್ಷಿಣ ಕನ್ನಡಗಳ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿಸಿದ ಎಂಡೋಸಲ್ಫಾನ್ ಆ ಪಟ್ಟಿಗೆ ಸೇರಿದ್ದು 2011ರಲ್ಲಿ. ಅದೇ ವರ್ಷ ಭಾರತದ ಸುಪ್ರೀಂ ಕೋರ್ಟೂ ಅದನ್ನು ತಡೆಯಿತು. ಪ್ಲಾಸ್ಟಿಕ್ಕಿಗೂ ಇಂತಹುದೇ ಒಪ್ಪಂದ ಬೇಕೆಂದು 2022ರಲ್ಲಿ ನೈರೋಬಿಯಲ್ಲಿ ತೀರ್ಮಾನವಾಯಿತು. ಆದರೆ 2024ರ ಬೂಸಾನ್ ಸಭೆಯೂ 2025ರ ಜಿನೀವಾ ಸಭೆಯೂ ಒಮ್ಮತವಿಲ್ಲದೆ ಮುಗಿದವು. ಉತ್ಪಾದನೆಗೆ ಮಿತಿ ಹಾಕುವುದನ್ನು ತೈಲ ದೇಶಗಳು ಒಪ್ಪಲಿಲ್ಲ. ಕಸ ಗುಡಿಸುವ ಮಾತಿಗೆ ಎಲ್ಲರೂ ಸಿದ್ಧ. ನಲ್ಲಿ ತಿರುಗಿಸಿ ನಿಲ್ಲಿಸುವ ಮಾತಿಗೆ ಮಾತ್ರ ಅಡ್ಡಿ.

2024ರ ಮೇ ತಿಂಗಳಲ್ಲಿ ಹ್ಯಾಂಬರ್ಗಿನ ಸಮುದ್ರ ಕಾನೂನು ನ್ಯಾಯಮಂಡಳಿಯು, ಸಣ್ಣ ದ್ವೀಪ ರಾಷ್ಟ್ರಗಳ ಪ್ರಶ್ನೆಗೆ ಉತ್ತರವಾಗಿ, ಮಾನವ ಚಟುವಟಿಕೆಯ ಹಸಿರುಮನೆ ಅನಿಲವೂ ಕಡಲ ಮಾಲಿನ್ಯವೇ ಎಂದು ಸಾರಿತು. ಅದನ್ನು ತಡೆಯಲು ದೇಶಗಳು ಕಟ್ಟುನಿಟ್ಟಿನ ಎಚ್ಚರ ವಹಿಸಬೇಕೆಂದಿತು. ಇದು ಸಲಹಾ ಅಭಿಪ್ರಾಯವೇ ಆದರೂ ನೆಲದ ಮೇಲಿನ ಹೊಣೆಯನ್ನು ಬಿಗಿಗೊಳಿಸುವ ದನಿ. ವಿಪರ್ಯಾಸವೆಂದರೆ ಅದೇ ವರ್ಷ ಭಾರತದ ಸಂಸತ್ತು 1974ರ ಜಲ ಮಾಲಿನ್ಯ ಕಾಯ್ದೆಗೆ ತಿದ್ದುಪಡಿ ತಂದು, ಹಲವು ಅಪರಾಧಗಳಿಗಿದ್ದ ಸೆರೆವಾಸವನ್ನು ಕೈಬಿಟ್ಟು ಹಣದ ದಂಡಕ್ಕೆ ಇಳಿಸಿತು. ರಾಜ್ಯಗಳು ತಮ್ಮ ನಿರ್ಣಯದ ಮೂಲಕ ಇದನ್ನು ಅಂಗೀಕರಿಸಬಹುದೆಂದು ಹೇಳಲಾಗಿದೆ. ದಂಡವನ್ನು ಖರ್ಚಿನ ಬಾಬತ್ತಿಗೆ ಸೇರಿಸಿಕೊಳ್ಳಬಲ್ಲ ಉದ್ಯಮಕ್ಕೆ ಇಂತಹ ಕಾನೂನಿನ ಭಯವೆಷ್ಟು?

ಇದು ಕರಾವಳಿಯವರ ಚಿಂತೆಯಷ್ಟೇ ಅಲ್ಲ. ಗಂಗಾಮೂಲದ ಸೀಮೆಯಲ್ಲಿ ಹುಟ್ಟುವ ನೇತ್ರಾವತಿ ಅರಬ್ಬೀ ಸಮುದ್ರ ಸೇರಿದರೆ, ತುಂಗೆ-ಭದ್ರೆಯರ ನೀರು ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹರಿಯುತ್ತದೆ. ಒಂದೇ ಬೆಟ್ಟಸಾಲು ಎರಡು ಕಡಲುಗಳಿಗೆ ಉತ್ತರವಾದಿ. ಕುದುರೆಮುಖದ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟಿನ 2002ರ ತೀರ್ಪು 2005ರ ಕೊನೆಗೆ ನಿಲ್ಲಿಸಿತು. ನೆರವಿಗೆ ಬಂದದ್ದು ಅರಣ್ಯ, ವನ್ಯಜೀವಿ ಕಾನೂನುಗಳು. ಭದ್ರೆಗೆ ಇಳಿಯುತ್ತಿದ್ದ ಹೂಳು ಸೇರಬೇಕಿದ್ದ ಕಡಲಿನ ಹೆಸರನ್ನು ಯಾರೂ ಎತ್ತಲಿಲ್ಲ. ಮುಂದೆ ಘಟ್ಟದ ಮೇಲೆ ಯಾವುದೇ ಯೋಜನೆಗೆ ಅನುಮತಿ ಕೇಳಿದಾಗ, ಅದರ ಕೊಳೆ ಯಾವ ಅಳಿವೆಗೆ ತಲುಪುತ್ತದೆಂಬ ಪ್ರಶ್ನೆಯನ್ನು ಸಾರ್ವಜನಿಕ ಅಹವಾಲು ಸಭೆಯಲ್ಲಿ ಕೇಳಬೇಕು, 207ನೇ ವಿಧಿಯನ್ನು ಮನವಿಯಲ್ಲಿ ಬರೆಯಬೇಕು. ಸೆರೆವಾಸ ಕೈಬಿಟ್ಟ ತಿದ್ದುಪಡಿಯ ವಿರುದ್ಧ ರಾಜ್ಯಗಳ ವಿಧಾನಮಂಡಲಗಳ ಮುಂದೆ ದನಿಯೆತ್ತಬೇಕು. ಜಿನೀವಾದಲ್ಲಿ ಗಟ್ಟಿಯಾಗದ ಕಾನೂನನ್ನು ಹೊಳೆಯ ದಂಡೆಯ ಜನರು ಗಟ್ಟಿಮಾಡಲು ಇರುವ ದಾರಿ ಇದು.