ಗ್ರಹಕ್ಕೆ ಬೆಂಗಳೂರು ಹುಡುಗಿಯ ಹೆಸರು: ನಿಜವೆಷ್ಟು?

‘ಕ್ಷೀರಪಥದ ಗ್ರಹವೊಂದಕ್ಕೆ ಬೆಂಗಳೂರಿನ ವಿದ್ಯಾರ್ಥಿನಿಯ ಹೆಸರು!’ 2017ರಲ್ಲಿ ಇಂಥದ್ದೊಂದು ಸುದ್ದಿ ಹರಿದಾಡಿತ್ತು. ನಿಮ್ಮ ಗ್ರೂಪಿಗೂ ಬಂದಿರಬಹುದು. ಇದು ನಿಜವೇ? ಅರ್ಧ ನಿಜ.

ವಾಸ್ತವವೇನು?

ಕೆರೆಗಳ ಮಾಲಿನ್ಯದ ಕುರಿತ ಕೆಲಸಕ್ಕೆ ಆಕೆ ಅಮೆರಿಕದ ಇಂಟೆಲ್ ವಿಜ್ಞಾನ ಮೇಳದಲ್ಲಿ ಬಹುಮಾನ ಗೆದ್ದಿದ್ದು ನಿಜ. ಎಂಐಟಿಯ ಲಿಂಕನ್ ಪ್ರಯೋಗಾಲಯ ತಾನು ಪತ್ತೆಹಚ್ಚಿದ ಕ್ಷುದ್ರಗ್ರಹಗಳಿಗೆ ಆ ಮೇಳದ ವಿಜೇತರ ಹೆಸರಿಡುತ್ತಿದ್ದುದೂ ನಿಜ. ಆದರೆ ಅದು ಭೂಮಿ, ಮಂಗಳದಂಥ ಗ್ರಹವಲ್ಲ. ‘ಮೈನರ್ ಪ್ಲಾನೆಟ್’ನಲ್ಲಿ ‘ಮೈನರ್’ ಬಿಟ್ಟುಹೋಗಿ ‘ಗ್ರಹ’ ಮಾತ್ರ ಉಳಿಯಿತು.

ಕ್ಷುದ್ರಗ್ರಹ ಎಂದರೆ?

ಮಂಗಳ ಮತ್ತು ಗುರು ಗ್ರಹಗಳ ನಡುವಿನ ಪಟ್ಟಿಯಲ್ಲಿ ಲಕ್ಷಾಂತರ ಬಂಡೆಗಳು ಸೂರ್ಯನನ್ನು ಸುತ್ತುತ್ತಿವೆ. ಬಹುತೇಕ ಬಂಡೆಗಳ ಅಗಲ ದಾವಣಗೆರೆಯಿಂದ ಹರಿಹರಕ್ಕಿರುವ ಸುಮಾರು 14 ಕಿ.ಮೀ. ದೂರಕ್ಕಿಂತಲೂ ಕಡಿಮೆ. 1861ರಲ್ಲಿ ನಾರ್ಮನ್ ಪೋಗ್ಸನ್ ಮದ್ರಾಸಿನಿಂದ ಪತ್ತೆಹಚ್ಚಿದ ‘67 ಏಷ್ಯಾ’ ಇವುಗಳಲ್ಲಿ ದೊಡ್ಡದು. ಅದರ ಅಗಲ ಸುಮಾರು 60 ಕಿ.ಮೀ., ಅಂದರೆ ಹೆಚ್ಚುಕಡಿಮೆ ದಾವಣಗೆರೆಯಿಂದ ಚಿತ್ರದುರ್ಗದಷ್ಟು.

ಪೋಗ್ಸನ್ 1885ರಲ್ಲಿ ‘245 ವೆರಾ’ವನ್ನು ಕಂಡ ಮೇಲೆ ಭಾರತದಿಂದ ಮುಂದಿನದು ಸಿಕ್ಕಿದ್ದು 1988ರಲ್ಲಿ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ತಮಿಳುನಾಡಿನ ಕಾವಲೂರು ವೀಕ್ಷಣಾಲಯದಲ್ಲಿ ಆರ್. ರಾಜಮೋಹನ್ ಅದನ್ನು ಪತ್ತೆಹಚ್ಚಿದರು. ಗಣಿತಜ್ಞನ ನೆನಪಿಗೆ ಅದಕ್ಕೆ ‘4130 ರಾಮಾನುಜನ್’ ಎಂಬ ಹೆಸರು ಬಂತು.

ಹೆಸರಿಡುವವರು ಯಾರು?

ಆಕಾಶದ ಒಂದೇ ಭಾಗವನ್ನು ಮತ್ತೆ ಮತ್ತೆ ಚಿತ್ರಿಸಿದಾಗ ನಕ್ಷತ್ರಗಳು ಇದ್ದಲ್ಲೇ ಇರುತ್ತವೆ, ಕ್ಷುದ್ರಗ್ರಹದ ಚುಕ್ಕೆ ಮಾತ್ರ ಜರುಗಿರುತ್ತದೆ. ಮೊದಲು ಅದಕ್ಕೆ ತಾತ್ಕಾಲಿಕ ಗುರುತು ಕೊಡುತ್ತಾರೆ. ಕಕ್ಷೆ ಖಚಿತವಾದ ಮೇಲೆ ಸಂಖ್ಯೆ ಸಿಗುತ್ತದೆ. ನಂತರ ಪತ್ತೆಹಚ್ಚಿದವರು ಹೆಸರು ಸೂಚಿಸಬಹುದು. ಒಪ್ಪಿಗೆ ಕೊಡುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿ. ಹೆಸರು 16 ಅಕ್ಷರ ಮೀರುವಂತಿಲ್ಲ, ಜಾಹೀರಾತಿನಂತಿರಬಾರದು. ರಾಜಕಾರಣಿಗಳ ಹೆಸರಾದರೆ ಅವರು ತೀರಿಕೊಂಡು 100 ವರ್ಷ ಆಗಿರಬೇಕು. ಸಂಖ್ಯೆ ಪಡೆದವು 7 ಲಕ್ಷಕ್ಕೂ ಹೆಚ್ಚಿದ್ದರೂ ಹೆಸರು ಪಡೆದವು ಸುಮಾರು 25 ಸಾವಿರ ಮಾತ್ರ.

ದುಡ್ಡು ಕೊಟ್ಟರೆ ಸಿಗುತ್ತದೆಯೇ?

ಇಲ್ಲ. ‘ನಕ್ಷತ್ರಕ್ಕೆ ನಿಮ್ಮ ಮಗುವಿನ ಹೆಸರಿಡುತ್ತೇವೆ’ ಎಂದು ಆನ್‌ಲೈನ್‌ನಲ್ಲಿ ಮಾರುವ ಸರ್ಟಿಫಿಕೇಟಿಗೆ ಒಕ್ಕೂಟದ ಮಾನ್ಯತೆ ಇಲ್ಲ. ಅಂಥ ಲಿಂಕ್ ಬಂದರೆ ಹಣ ಕಟ್ಟಬೇಡಿ.

ಪರಿಶೀಲಿಸುವುದು ಹೇಗೆ?

ಸಂಖ್ಯೆ ಇಲ್ಲದ ಕ್ಷುದ್ರಗ್ರಹಕ್ಕೆ ಸಾಮಾನ್ಯವಾಗಿ ಹೆಸರಿಡುವುದಿಲ್ಲ. ಹಾಗಾಗಿ ಸಂದೇಶದಲ್ಲಿ ಸಂಖ್ಯೆ ಇದೆಯೇ ನೋಡಿ. ಅದನ್ನು ನಾಸಾ ಜೆಪಿಎಲ್‌ನ ‘ಸ್ಮಾಲ್ ಬಾಡಿ ಡೇಟಾಬೇಸ್’ ಪುಟದಲ್ಲಿ ಹಾಕಿದರೆ ಹೆಸರು ಮತ್ತು ಕಕ್ಷೆಯ ವಿವರ ಸಿಗುತ್ತದೆ, ಉಚಿತವಾಗಿ.

ಒಟ್ಟಿನಲ್ಲಿ: ಹೆಸರು ಸಿಗುವುದು ಗ್ರಹಕ್ಕಲ್ಲ, ಕ್ಷುದ್ರಗ್ರಹಕ್ಕೆ. ಕೆರೆಗಾಗಿ ಕೆಲಸ ಮಾಡಿದ ಹುಡುಗಿಯ ಗೆಲುವು ದೊಡ್ಡದೇ. ಅದಕ್ಕೆ ಸುಳ್ಳಿನ ಒಗ್ಗರಣೆ ಬೇಕಿಲ್ಲ.