ಸಂಕ್ಷೇಪವೋ, ಅಂಗಚ್ಛೇದವೋ?

ಸಣ್ಣ ಕಥೆಯು ಎಷ್ಟು ಚಿಕ್ಕದಾದರೆ ಅಷ್ಟು ಶ್ರೇಷ್ಠವೆಂಬ ಮತವೊಂದು ವಿಮರ್ಶಕರಲ್ಲಿ ಬೇರೂರಿದೆ. ಇದಕ್ಕೆ ಅವರು ಕೊಡುವ ನಿದರ್ಶನ ಅಮೆರಿಕಾ ದೇಶದ ಕಥೆಗಾರ ರೇಮಂಡ್ ಕಾರ್ವರನದು (1938–1988). ಮರ ಕೊಯ್ಯುವ ಕಾರ್ಖಾನೆಯ ಕೆಲಸಗಾರನ ಮಗನಾಗಿ ಹುಟ್ಟಿ, ದುಡಿಯುವವರ ಬಾಳನ್ನೇ ಬರೆದ ಈತನ ಮಿತಭಾಷಿತ್ವಕ್ಕೆ 1981ರ ಕಥಾಸಂಗ್ರಹವೇ ಪ್ರಮಾಣವೆನ್ನುವರು. ಆದರೆ ಆ ಮಿತಭಾಷಿತ್ವವು ಯಾರದು?

ಆ ಗ್ರಂಥದ ಹಸ್ತಪ್ರತಿಯಲ್ಲಿ ಅರ್ಧಕ್ಕೂ ಮಿಕ್ಕ ಭಾಗವನ್ನು ತೆಗೆದುಹಾಕಿದವನು ಸಂಪಾದಕ ಗಾರ್ಡನ್ ಲಿಶ್. 1980ರ ಜುಲೈ 8ರಂದು ಕಾರ್ವರನು ಪ್ರಕಟಣೆಯನ್ನು ನಿಲ್ಲಿಸಬೇಕೆಂದು ಅವನಿಗೆ ಅಂಗಲಾಚಿ ಬರೆದನು. ಆದರೂ ಪುಸ್ತಕವು ಕತ್ತರಿಯ ಗಾಯಗಳೊಡನೆಯೇ ಹೊರಬಿದ್ದಿತು.

ಒಂದು ಕಥೆಯನ್ನು ಪರೀಕ್ಷಿಸಿದರೆ ಸಾಕು. ಹುಟ್ಟುಹಬ್ಬದ ದಿನವೇ ಬಾಲಕನೊಬ್ಬನಿಗೆ ಮೋಟಾರು ಬಡಿಯುತ್ತದೆ. ಅವನಿಗಾಗಿ ಕೇಕು ಮಾಡಿಟ್ಟ ಬೇಕರಿಯವನು ಇದನ್ನರಿಯದೆ, ಅದನ್ನು ಒಯ್ಯಲಿಲ್ಲವೆಂಬ ಸಿಟ್ಟಿನಿಂದ ಆ ಮನೆಗೆ ಮತ್ತೆಮತ್ತೆ ಟೆಲಿಫೋನು ಮಾಡುತ್ತಾನೆ. ‘ಸ್ನಾನ’ವೆಂಬ ಕತ್ತರಿಸಿದ ಪಾಠವು ಅಂತಹ ಒಂದು ಕರೆಯೊಡನೆ ಮುಗಿದುಹೋಗುತ್ತದೆ. ‘ಒಂದು ಸಣ್ಣ, ಒಳ್ಳೆಯ ಸಂಗತಿ’ಯೆಂಬ ಪೂರ್ಣಪಾಠದಲ್ಲಿ ಮಗುವು ಸಾಯುತ್ತದೆ, ತಂದೆತಾಯಿಗಳು ಕೋಪದಿಂದ ನಡುರಾತ್ರಿಯಲ್ಲಿ ಬೇಕರಿಗೆ ನುಗ್ಗುತ್ತಾರೆ. ಸತ್ಯವನ್ನರಿತ ಆ ಒಂಟಿ ಮನುಷ್ಯನು ಕ್ಷಮೆ ಬೇಡಿ, ಬಿಸಿ ರೊಟ್ಟಿಯನ್ನು ಮುಂದಿಟ್ಟು, ಬೆಳಗಾಗುವವರೆಗೂ ಅವರೊಡನೆ ಕುಳಿತಿರುತ್ತಾನೆ.

ಇದು ಸಂಕ್ಷೇಪವಲ್ಲ, ರಸಾಂತರ. ಕರುಣವಿದ್ದಲ್ಲಿ ಭಯಾನಕವನ್ನು ತಂದಿಟ್ಟದ್ದು. ಹೇಳದೆ ಬಿಟ್ಟದ್ದೇ ಧ್ವನಿಯೆಂದು ವಾದಿಸುವವರು ಆನಂದವರ್ಧನನನ್ನು ಸರಿಯಾಗಿ ಓದಿದವರಲ್ಲ. ಆತನ ಮತದಲ್ಲಿ ವ್ಯಂಗ್ಯಾರ್ಥಕ್ಕೆ ವಾಚ್ಯಾರ್ಥವೇ ಉಪಾಯ. ಗಂಟೆಯನ್ನೇ ಒಡೆದ ಮೇಲೆ ಅನುರಣನವೆಲ್ಲಿಯದು?

ಕತ್ತರಿಸಿದ ಗ್ರಂಥವೇ ಕಾರ್ವರನಿಗೆ ಕೀರ್ತಿ ತಂದಿತೆಂದು ಪ್ರತಿವಾದಿಗಳು ಹೇಳಬಹುದು. ನಿಜ. ಆ ರೂಪದ ಕೆಲವು ಕಥೆಗಳನ್ನು ಆತನೇ 1988ರ ಸಂಕಲನದಲ್ಲಿ ಉಳಿಸಿಕೊಂಡದ್ದೂ ನಿಜ. ಆದರೆ ಈ ಕಥೆಯನ್ನು ಮಾತ್ರ ಆತನು 1983ರ ‘ಕೆಥೀಡ್ರಲ್’ ಸಂಗ್ರಹದಲ್ಲಿ ವಿಸ್ತಾರವಾಗಿಯೇ ಪ್ರಕಟಿಸಿದನು. ಅದೇ ವರ್ಷ ಓ. ಹೆನ್ರಿ ಪ್ರಶಸ್ತಿಗಳಲ್ಲಿ ಪ್ರಥಮ ಸ್ಥಾನವು ಈ ದೀರ್ಘ ಪಾಠಕ್ಕೇ ಸಂದಿತು. 1981ರ ಸಂಗ್ರಹದ ಮೂಲ ಹಸ್ತಪ್ರತಿಯೂ ‘ಬಿಗಿನರ್ಸ್’ ಎಂಬ ಹೆಸರಿನಿಂದ 2009ರಲ್ಲಿ ಬೆಳಕಿಗೆ ಬಂದಿತು. ಅದನ್ನು ನೋಡಲು ಕವಿ ಬದುಕಿರಲಿಲ್ಲ.

ಸಂಪಾದಕನು ಕಳೆಯನ್ನು ಕೀಳಲಿ, ಬೇಡವೆನ್ನುವವರಾರು? ಪೈರನ್ನೇ ಕೊಯ್ದು, ಬಯಲಾದ ಹೊಲವನ್ನು ತೋರಿಸಿ, ಇದೇ ಒಕ್ಕಲಿಗನ ಕೌಶಲವೆಂದು ಹೊಗಳುವುದು ಮಾತ್ರ ವಿಮರ್ಶೆಯಲ್ಲ. ಸಹೃದಯರು ಎರಡು ಪಾಠಗಳನ್ನೂ ಎದುರಿಗಿಟ್ಟುಕೊಂಡು ಓದಲಿ. ಆ ಬಿಸಿ ರೊಟ್ಟಿಯಿಲ್ಲದೆ ಕಥೆಯು ಪೂರ್ಣವೋ ಅಲ್ಲವೋ ಎಂಬುದು ಅವರ ಹೃದಯಕ್ಕೇ ತಿಳಿದೀತು.