ಆ ಹನ್ನೆರಡು ನಿಮಿಷ ಯಾರದ್ದು ಸ್ವಾಮಿ?

ಸ್ಕಂದಗಿರಿ ಹತ್ತಿದವರಿಗೆ ಈ ದೃಶ್ಯ ಗೊತ್ತಿರುತ್ತೆ. ನಮ್ಮ ಕಡೆಯ ಹಳಬರ ಬಾಯಲ್ಲಿ ಅದು ಈಗಲೂ ಕಳವಾರ ಬೆಟ್ಟವೇ. ಬೆಳಗಿನ ಜಾವ ಟಾರ್ಚು ಹಿಡಿದು ಮೇಲೆ ಹೋದರೆ ಕೆಳಗೆಲ್ಲ ಬಿಳೀ ಮೋಡ, ಆ ಕಡೆ ನಂದಿ ಬೆಟ್ಟ, ದಕ್ಷಿಣಕ್ಕೆ ದೇವನಹಳ್ಳಿ ದಿಕ್ಕಿನಲ್ಲಿ ಒಂದರ ಹಿಂದೊಂದು ಇಳಿಯುವ ವಿಮಾನಗಳ ದೀಪ. ಬೆಂಗಳೂರಿನಿಂದ ಬಂದ ಹುಡುಗರು ಸೂರ್ಯನ ಫೋಟೋ ತೆಗೀತಾರೆ. ನಾನು ಹೋದ ಸಲ ಹತ್ತಿದಾಗ ಪಕ್ಕದಲ್ಲಿ ಕೂತಿದ್ದ ಒಬ್ಬ ತನ್ನ ಗೆಳೆಯನಿಗೆ ಹೇಳ್ತಿದ್ದ: "ಏರ್‌ಪೋರ್ಟಿಂದ ಸಿಟಿಗೆ ಹೆಲಿಕಾಪ್ಟರ್ ಬಿಟ್ಟಿದ್ರು ಮಚ್ಚಾ, ಬರೀ ಹನ್ನೆರಡು ನಿಮಿಷ!"

ನನ್ನ ಜೊತೆ ಬಂದಿದ್ದವನು ನಮ್ಮಕ್ಕನ ಮಗ. ಏರ್‌ಪೋರ್ಟ್ ಹತ್ತಿರ ಒಂದು ಗೋದಾಮಿನಲ್ಲಿ ಗುತ್ತಿಗೆ ಕೆಲಸ, ಪಾಳಿ ಲೆಕ್ಕ. ಅವನು ನಕ್ಕು ಹೇಳಿದ: "ಮಾಮ, ವಿಮಾನ ಲೇಟಾದ್ರೆ ಪೇಪರ್‌ನಲ್ಲಿ ಬರುತ್ತೆ. ನಾನು ಲೇಟಾದ್ರೆ ಅರ್ಧ ದಿನದ ಸಂಬಳ ಹೋಗುತ್ತೆ."

ಇಷ್ಟೇ ನನ್ನ ಇಡೀ ತಕರಾರು. ಇನ್ನು ಮುಂದೆ ಬರೆಯೋದೆಲ್ಲ ಅದರ ವಿವರಣೆ.

ಶಟಲ್ ಅನ್ನೋ ಪದ ನಮಗೆ ಹೊಸದಲ್ಲ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಅದಕ್ಕೆ ಲಾಳಿ ಅಂತಾರೆ. ಹಾಸುನೂಲಿನ ನಡುವೆ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಓಡಾಡಿಕೊಂಡೇ ಇರುತ್ತೆ. ಲಾಳಿ ನಿಂತರೆ ಬಟ್ಟೆ ನಿಂತಿತು. ಹತ್ತಿರದ ಎರಡು ಊರುಗಳ ನಡುವೆ ಬಿಡುವಿಲ್ಲದೆ ಓಡುವ ಬಂಡಿಗೆ ಆ ಹೆಸರು ಬಂದದ್ದು ಅದಕ್ಕೇ. ಸಣ್ಣ ದೂರದ ರೈಲಿಗೆ "ಶಟಲ್ ಗಾಡಿ" ಅನ್ನುತ್ತಿದ್ದವರು ನಮ್ಮ ಹಿಂದಿನ ತಲೆಮಾರಿನಲ್ಲಿ ಬೇಕಾದಷ್ಟು ಜನ ಇದ್ದರು.

ಈ ಲಾಳಿಯನ್ನು ಆಕಾಶಕ್ಕೆ ಏರಿಸಿದ್ದು ವ್ಯಾಪಾರಸ್ಥರಿಗಾಗಿ. 1959ರಲ್ಲಿ ಬ್ರೆಜಿಲ್‌ನ ರಿಯೊ ಮತ್ತು ಸಾವೊ ಪಾಲೊ ನಡುವೆ ಮೂರು ವಿಮಾನ ಕಂಪನಿಗಳು ಸೇರಿ ಒಂದು ವ್ಯವಸ್ಥೆ ಮಾಡಿಕೊಂಡವು. ಅದಕ್ಕೆ ಅವರಿಟ್ಟ ಹೆಸರು "ಗಾಳಿ ಸೇತುವೆ". ಒಬ್ಬರ ಟಿಕೆಟ್ ಇನ್ನೊಬ್ಬರ ವಿಮಾನದಲ್ಲೂ ನಡೆಯುತ್ತಿತ್ತು. ಯಾವುದು ಮೊದಲು ಹೊರಡುತ್ತೋ ಅದನ್ನು ಹತ್ತೋದು, ಅಷ್ಟೇ. ಎರಡು ವರ್ಷದ ಮೇಲೆ, 1961ರ ಏಪ್ರಿಲ್ 30ರಂದು, ಅಮೆರಿಕದ ಈಸ್ಟರ್ನ್ ಏರ್‌ಲೈನ್ಸ್ ನ್ಯೂಯಾರ್ಕಿನಿಂದ ಬಾಸ್ಟನ್ನಿಗೂ ವಾಷಿಂಗ್ಟನ್ನಿಗೂ ಶಟಲ್ ಶುರು ಮಾಡಿತು. ಮುಂಗಡ ಬುಕಿಂಗ್ ಬೇಡ. ಬಂದು ಹತ್ತಿ, ದುಡ್ಡು ಒಳಗೇ ಕೊಡಿ, ನಮ್ಮ ಬಸ್ ಕಂಡಕ್ಟರ್ ಹತ್ರ ಕೊಟ್ಟ ಹಾಗೆ. ಎಲ್ಲಕ್ಕಿಂತ ದೊಡ್ಡ ಮಾತು ಇದು: ಬಂದವರಿಗೆಲ್ಲ ಸೀಟು ಗ್ಯಾರಂಟಿ. ವಿಮಾನ ತುಂಬಿ ಒಬ್ಬನೇ ಒಬ್ಬ ಹೊರಗೆ ಉಳಿದರೂ ಅವನಿಗಾಗಿ ಇನ್ನೊಂದು ವಿಮಾನ ತೆಗೀತಿದ್ದರು. ಅದಕ್ಕೆ ಬಳಸಿದ್ದು ಹೊಸ ಥಳಕಿನ ಜೆಟ್ಟುಗಳನ್ನಲ್ಲ. ಹಳೇ ಕಾನ್‌ಸ್ಟೆಲೇಷನ್ ವಿಮಾನಗಳನ್ನು.

ಗಮನಿಸಿ. ಆ ಸೇವೆ ಗೆದ್ದದ್ದು ವಿಮಾನದಿಂದಲ್ಲ, ಮಾತಿನಿಂದ. "ನೀನು ಯಾವಾಗ ಬಂದರೂ ಕರಕೊಂಡು ಹೋಗ್ತೀವಿ" ಅನ್ನೋ ಮಾತಿನಿಂದ.

ಮಾತು ಮರೆತು ಥಳಕು ಹಿಡಿದರೆ ಏನಾಗುತ್ತೆ ಅನ್ನೋದಕ್ಕೂ ಅದೇ ಶಟಲ್ ಸಾಕ್ಷಿ. 1989ರಲ್ಲಿ ಅದನ್ನು 36.5 ಕೋಟಿ ಡಾಲರಿಗೆ ಕೊಂಡವರು ಡೊನಾಲ್ಡ್ ಟ್ರಂಪ್. ಒಂದು ತಾಸಿನ ಪ್ರಯಾಣದ ವಿಮಾನದ ಶೌಚಾಲಯಕ್ಕೆ ಚಿನ್ನದ ಬಣ್ಣದ ನಲ್ಲಿ ಹಾಕಿಸಿದರು! ಹೋಗೋರಿಗೆ ಬೇಕಿದ್ದದ್ದು ಟೈಮಿಗೆ ಹೊರಡೋ ಗಾಡಿ, ಹೊಳೆಯೋ ನಲ್ಲಿ ಅಲ್ಲ. ಸಾಲ ತೀರಿಸಲಾಗದೆ 1992ರ ಹೊತ್ತಿಗೆ ಅದು ಕೈಬಿಟ್ಟು ಹೋಯಿತು, ವಿಮಾನಗಳ ಮೇಲಿನ ಹೆಸರೂ ಅಳಿಸಿತು. 2000ದ ಕೊನೆಗೆ ಅದೇ ದಾರಿಯಲ್ಲಿ ಏಸೆಲಾ ಅನ್ನೋ ವೇಗದ ರೈಲು ಬಂತು. ಸೂಟು ಹಾಕಿದವರು ತಾವಾಗೇ ರೈಲು ಹತ್ತಿದರು. ಜಪಾನಿನಲ್ಲಿ 1964ರಲ್ಲಿ ಬುಲೆಟ್ ರೈಲು ಬಂದ ಮೇಲೆ ಟೋಕಿಯೊ-ನಗೋಯಾ ವಿಮಾನದ ಕಥೆಯೂ ಹೀಗೇ ಮುಗಿಯಿತು. ಫ್ರಾನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎರಡೂವರೆ ತಾಸಿನೊಳಗೆ ರೈಲಿನಲ್ಲಿ ತಲುಪಬಹುದಾದ ಕೆಲವು ದಾರಿಗಳಲ್ಲಿ ವಿಮಾನವನ್ನೇ 2023ರಲ್ಲಿ ನಿಷೇಧಿಸಿತು.

ಈಗ ನಮ್ಮ ಮನೆ ಬಾಗಿಲಿಗೆ ಬರೋಣ.

ಸಣ್ಣ ದೂರದ ವಿಮಾನವನ್ನು ಈ ನಾಡಿಗೆ ತಂದವರಲ್ಲಿ ದೊಡ್ಡ ಹೆಸರು ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರದ್ದು. 2003ರ ಆಗಸ್ಟಿನಲ್ಲಿ ಅವರ ಏರ್ ಡೆಕ್ಕನ್ 48 ಸೀಟಿನ ಎಟಿಆರ್ ವಿಮಾನಗಳೊಂದಿಗೆ ಶುರುವಾಯಿತು. ಅವರ ಕಣ್ಣು ಸೂಟಿನವರ ಮೇಲಿರಲಿಲ್ಲ, ಚಪ್ಪಲಿಯವರ ಮೇಲಿತ್ತು. ಒಂದು ರೂಪಾಯಿ ಟಿಕೆಟ್ ಬಗ್ಗೆ ನಕ್ಕವರು ನಕ್ಕರು, ಹಾರಿದವರು ಹಾರಿದರು. ಆಮೇಲೆ ಆ ಕಂಪನಿ ಕಿಂಗ್‌ಫಿಷರ್ ತೆಕ್ಕೆಗೆ ಬಿತ್ತು, 2008ರಲ್ಲಿ ಹೆಸರೇ ಬದಲಾಯಿತು, 2012ರಲ್ಲಿ ಕಿಂಗ್‌ಫಿಷರ್ರೂ ನೆಲ ಕಚ್ಚಿತು. ಈ ನಡುವೆ 2010ರಲ್ಲಿ ಬೆಂಗಳೂರು-ಮೈಸೂರು ನಡುವೆಯೂ ವಿಮಾನ ಹಾರಿಸಿ ನೋಡಿದರು, ಒಂದು ಚಿಲ್ಲರೆ ವರ್ಷಕ್ಕೆ ನಿಂತಿತು. ಯಾಕೆ ನಿಲ್ಲದೆ ಇರುತ್ತೆ? ಬೆಂಗಳೂರಿನ ಮಧ್ಯದಿಂದ ದೇವನಹಳ್ಳಿಗೆ ಹೋಗಿ, ಚೆಕ್-ಇನ್ ಮಾಡಿ, ಕಾದು ಹತ್ತೋಷ್ಟರಲ್ಲಿ ರೈಲಿನಲ್ಲಿ ಹೋದವನು ಮೈಸೂರಲ್ಲಿ ಮಸಾಲೆ ದೋಸೆ ತಿಂದು ಕೈ ತೊಳೆದಿರ್ತಾನೆ.

ದೇವನಹಳ್ಳಿ ಅಂದೆನಲ್ಲ, ಗಂಟು ಇರೋದು ಅಲ್ಲೇ. 2008ರ ಮೇ ತಿಂಗಳಲ್ಲಿ ಏರ್‌ಪೋರ್ಟು ಹೆಚ್‌ಎಎಲ್‌ನಿಂದ ನಮ್ಮ ದಿಕ್ಕಿಗೆ ಬಂತು. ಸುಮಾರು 4,000 ಎಕರೆ ಜಾಗ. ಬೆಂಗಳೂರಿನವರಿಗೆ ಏರ್‌ಪೋರ್ಟು ದೂರವಾಯಿತು, ನಮಗೆ ಹತ್ತಿರವಾಯಿತು. ಚೆನ್ನೈಗೆ ಒಂದು ತಾಸು ಹಾರೋದಕ್ಕೆ ಎರಡು ತಾಸು ಟ್ರಾಫಿಕ್ಕಿನಲ್ಲಿ ಕೂರಬೇಕಾದ ಉದ್ಯಮಿಗೆ ಸಿಟ್ಟು ಬಂತು. ಆ ಸಿಟ್ಟು ನ್ಯಾಯವೇ. ಪರಿಹಾರ ಏನು ಸಿಕ್ಕಿತು? 2018ರ ಮಾರ್ಚಿನಲ್ಲಿ ಏರ್‌ಪೋರ್ಟಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೆಲಿ ಟ್ಯಾಕ್ಸಿ: ಹದಿನೈದು ನಿಮಿಷ, ತೆರಿಗೆ ಬಿಟ್ಟು 3,500 ರೂಪಾಯಿ. 2022ರ ಅಕ್ಟೋಬರಿನಲ್ಲಿ ಇನ್ನೊಂದು ಕಂಪನಿ, ಏರ್‌ಪೋರ್ಟಿನಿಂದ ಹೆಚ್‌ಎಎಲ್‌ಗೆ: ಹನ್ನೆರಡು ನಿಮಿಷ, ತೆರಿಗೆ ಬಿಟ್ಟು 3,250 ರೂಪಾಯಿ. 2024ರಲ್ಲಿ ವಿದ್ಯುತ್ ಹಾರುವ ಟ್ಯಾಕ್ಸಿಯ ಘೋಷಣೆಯೂ ಆಯಿತು. ಪ್ರತಿಸಲವೂ ಪೇಪರಿನ ಮೊದಲ ಪುಟದಲ್ಲಿ ಫೋಟೋ, ಪ್ರತಿಸಲವೂ "ಬೆಂಗಳೂರಿನ ಟ್ರಾಫಿಕ್‌ಗೆ ಮುಕ್ತಿ" ಅನ್ನೋ ಧಾಟಿ. ಒಂದು ಸಲಕ್ಕೆ ಐದಾರು ಜನ ಹಿಡಿಸೋ ಯಂತ್ರದಿಂದ ಯಾವ ಊರಿನ ಟ್ರಾಫಿಕ್ಕಿಗೆ ಮುಕ್ತಿ ಸಿಗುತ್ತೆ ಸ್ವಾಮಿ?

"ಅವರ ದುಡ್ಡು, ಅವರ ಹೆಲಿಕಾಪ್ಟರು, ನಿಮಗ್ಯಾಕೆ ಹೊಟ್ಟೆಕಿಚ್ಚು?" ಅಂತ ಕೇಳೋರಿದ್ದಾರೆ. ಒಪ್ಪಿದೆ. 3,250 ರೂಪಾಯಿ ಕೊಟ್ಟು ಹಾರೋನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಬೀದರ್, ಕಲಬುರಗಿ ತರದ ದೂರದ ಊರಿಗೆ ವಿಮಾನ ಬೇಕೇ ಬೇಕು, ಅದಕ್ಕೆ ಸರ್ಕಾರ ಉಡಾನ್ ಯೋಜನೆಯಲ್ಲಿ ದುಡ್ಡು ಹಾಕಿದರೂ ಸರಿಯೇ. ನನ್ನ ಪ್ರಶ್ನೆ ಬೇರೆ. ಹತ್ತಿರದ ದೂರಕ್ಕೆ, ದಿನಾ ಓಡಾಡೋ ಸಾವಿರಾರು ಜನಕ್ಕೆ, ಶಟಲ್ ಎಲ್ಲಿ?

ಚಿಕ್ಕಬಳ್ಳಾಪುರಕ್ಕೆ ರೈಲು ಇವತ್ತಿನದಲ್ಲ. ಮೈಸೂರು ಮಹಾರಾಜರ ಕಾಲದಲ್ಲೇ, ನೂರು ವರ್ಷಕ್ಕೂ ಹಿಂದೆ, ಪುಟ್ಟ ಹಳಿಯ ಗಾಡಿ ಇಲ್ಲಿ ಓಡುತ್ತಿತ್ತು. ಅದು ದೊಡ್ಡ ಹಳಿ ಆಗಿ ಕೋಲಾರದ ತನಕ ಮತ್ತೆ ಜೋಡಣೆಯಾಗೋಷ್ಟರಲ್ಲಿ 2013 ಬಂತು. ಆ ಹಳಿ ಏರ್‌ಪೋರ್ಟಿನ ಪಕ್ಕದಲ್ಲೇ ಹಾದು ಹೋಗುತ್ತೆ! ಏರ್‌ಪೋರ್ಟು ಶುರುವಾಗಿ ಹನ್ನೆರಡು ವರ್ಷ ಕಳೆದ ಮೇಲೆ, 2021ರ ಜನವರಿಯಲ್ಲಿ, ಅಲ್ಲೊಂದು ಹಾಲ್ಟ್ ಸ್ಟೇಷನ್ನಿನಲ್ಲಿ ರೈಲು ನಿಲ್ಲೋಕೆ ಶುರುವಾಯಿತು. ಹೆಲಿಕಾಪ್ಟರಿನ ಟಿಕೆಟ್ಟಿನ ಮೇಲೆ ಬೀಳೋ ತೆರಿಗೆಯಲ್ಲೇ ಒಬ್ಬ ಕೂಲಿಯವನು ಎಷ್ಟೋ ದಿನ ಓಡಾಡಬಹುದು, ಅಷ್ಟು ಕಮ್ಮಿ ಚಾರ್ಜು. ಆದರೆ ದಿನಕ್ಕೆ ಓಡೋದು ಬೆರಳೆಣಿಕೆ ರೈಲು, ಅದೂ ಒಂಟಿ ಹಳಿ ಮೇಲೆ. ಪಾಳಿ ಕೆಲಸದವನು ತನ್ನ ಪಾಳಿಯನ್ನು ರೈಲಿಗೆ ಹೊಂದಿಸಿಕೊಳ್ಳೋಕೆ ಆಗುತ್ತಾ? ಆಮೇಲೆ "ಜನ ಹತ್ತಲ್ಲ, ಅದಕ್ಕೇ ರೈಲು ಹೆಚ್ಚಿಸಲ್ಲ" ಅಂತಾರೆ. ಅಂಗಡಿಗೆ ಬೀಗ ಹಾಕಿ ಗಿರಾಕಿ ಇಲ್ಲ ಅಂದ ಹಾಗಾಯಿತು.

ಉಪನಗರ ರೈಲಿನ ಕಥೆ ಕೇಳಿ. 148 ಕಿಲೋಮೀಟರ್, ನಾಲ್ಕು ದಾರಿ, 15,767 ಕೋಟಿ ರೂಪಾಯಿ. ದಾರಿಗಳಿಗೆ ಹೂವಿನಂಥ ಹೆಸರು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. 2022ರ ಜೂನ್ 20ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿದರು, 40 ತಿಂಗಳ ಮಾತೂ ಬಂತು. ಇದರಲ್ಲಿ ನಮಗೆ ಬೇಕಾದದ್ದು ಸಂಪಿಗೆ: ಮೆಜೆಸ್ಟಿಕ್‌ನಿಂದ ಯಲಹಂಕ, ಏರ್‌ಪೋರ್ಟು, ದೇವನಹಳ್ಳಿ. ಮೊದಲು ಅರಳಬೇಕಾದ ಆ ಹೂವು ಇನ್ನೂ ಮೊಗ್ಗೂ ಆಗಿಲ್ಲ. ಅರಳಿದರೂ ದೇವನಹಳ್ಳಿಗೇ ನಿಲ್ಲುತ್ತೆ. ದೇವನಹಳ್ಳಿ ದಾಟಿದ ಮೇಲೆ ಮನುಷ್ಯರು ಇಲ್ವಾ? ಶಿಡ್ಲಘಟ್ಟದ ರೇಷ್ಮೆಯವರು, ಚಿಂತಾಮಣಿಯ ತರಕಾರಿಯವರು, ಗೌರಿಬಿದನೂರಿನಿಂದ ಕಾಲೇಜಿಗೆ ಹೋಗೋ ಹೆಣ್ಣುಮಕ್ಕಳು, ನಮ್ಮ ಹಳ್ಳಿಗಳಿಂದ ರಾತ್ರಿ ಪಾಳಿಗೆ ಹೋಗೋ ಹುಡುಗರು, ಇವರೆಲ್ಲ ಬಿಸಿನೆಸ್ ಮಾಡ್ತಿಲ್ವಾ? ಒಂದು ತಾಸು ತಡವಾದರೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ತಪ್ಪುತ್ತೆ. ಆ ತಾಸಿಗೆ ಬೆಲೆ ಇಲ್ವಾ?

ಈಸ್ಟರ್ನ್ ಶಟಲ್ಲಿನಿಂದ ನಾವು ಕಲೀಬೇಕಿದ್ದದ್ದು ಹಾರೋದನ್ನಲ್ಲ. ನಮಗೆ ಬೇಕಾದದ್ದು ಅದರ ಮೂರೇ ಮೂರು ನಿಯಮ. ಒಂದು, ಹೊತ್ತು ಗೊತ್ತಿರೋ ಗಾಡಿ: ಚಿಕ್ಕಬಳ್ಳಾಪುರ-ಬೆಂಗಳೂರು ನಡುವೆ ಬೆಳಿಗ್ಗೆ ಸಂಜೆ ಅರ್ಧ ತಾಸಿಗೊಂದು ರೈಲು, ಅದಕ್ಕೆ ಜೋಡಿ ಹಳಿ. ಎರಡು, ರಿಯೊದವರ ಹಾಗೆ ಒಂದೇ ಟಿಕೆಟ್ಟು: ಬಸ್ಸು, ರೈಲು, ಮೆಟ್ರೋ ಎಲ್ಲಕ್ಕೂ ಅದೇ ನಡೀಬೇಕು. ಮೂರು, ಜಾಗದ ಗ್ಯಾರಂಟಿ: ಜನ ಹೆಚ್ಚಾದರೆ ಬೋಗಿ ಹೆಚ್ಚಬೇಕು, ಬಾಗಿಲಿಗೆ ಜೋತುಬೀಳೋರು ಹೆಚ್ಚಬಾರದು. ಸಂಪಿಗೆ ದಾರಿ ದೇವನಹಳ್ಳಿಗೆ ನಿಲ್ಲದೆ ನಮ್ಮೂರಿಗೆ ಬರಬೇಕು. ಇದು ನಡೆದರೆ ಹೆಲಿಕಾಪ್ಟರಿನ ಉದ್ಯಮಿಯೂ ಒಂದು ದಿನ ಇಳಿದು ಇದೇ ರೈಲು ಹತ್ತುತ್ತಾನೆ. ನ್ಯೂಯಾರ್ಕಿನವನು ಹತ್ತಲಿಲ್ವಾ?

ಮುಂದಿನ ಚುನಾವಣೆಗೆ ಓಟು ಕೇಳೋಕೆ ಬರೋರಿಗೆ ನಾನು ಇದನ್ನೇ ಕೇಳೋನು. ನೀವೂ ಕೇಳಿ. ಮೂರು ಪಕ್ಷದವರನ್ನೂ ಕೇಳಿ. ಏರ್‌ಪೋರ್ಟು ನಮ್ಮ ಪಕ್ಕಕ್ಕೆ ಬಂದು ಇಷ್ಟು ವರ್ಷ ಆಯಿತು, ಅದರ ದೀಪ ನಮ್ಮ ಬೆಟ್ಟದ ಮೇಲಿಂದ ಕಾಣುತ್ತೆ, ಅದರ ಗೋದಾಮಿಗೆ ನಮ್ಮ ಮಕ್ಕಳೇ ಹೋಗ್ತಾರೆ. ಅವರು ಟೈಮಿಗೆ ಹೋಗಿ ಟೈಮಿಗೆ ಮನೆಗೆ ಬರೋದಕ್ಕೆ ಒಂದು ರೈಲು ಬಿಡಿ ಅಂದರೆ ಅದು ದೊಡ್ಡ ಆಸೆಯಾ?

ಅವತ್ತು ಬೆಟ್ಟ ಇಳಿದು ಬಂದಾಗ ಎಂಟೂವರೆ. ನಮ್ಮಕ್ಕನ ಮಗನಿಗೆ ಮಧ್ಯಾಹ್ನದ ಪಾಳಿ. ಇಪ್ಪತ್ತೈದು ಮೂವತ್ತು ಕಿಲೋಮೀಟರ್ ದೂರದ ಕೆಲಸಕ್ಕೆ ಅವನು ಹತ್ತಕ್ಕೇ ಮನೆ ಬಿಟ್ಟ. ಬಸ್ಸು ಸಿಗುತ್ತೋ ಇಲ್ವೋ ಅಂತ.